ಸುಗಂಧಿ ಮಿಸ್ಸಿನ ‘ಹಾಗಂದ್ರೇನು?’

ಸುಗಂಧಿ ಮಿಸ್ಸಿಗೆ ಕಿವಿ ಕೇಳುವುದಿಲ್ಲ ಎಂದು ಹೊನ್ನಯ್ಯನವರು ಒಂದು ಮಳೆಗಾಲವಿಡೀ ನಂಬಿದ್ದರು.

ಹಾಗೆ ನಂಬುವುದಕ್ಕೆ ಕಾರಣವೂ ಇತ್ತು. ಮೊಮ್ಮಗಳು ಸಿರಿಯನ್ನು ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಭದ್ರಾವತಿಯ ಕೃಪಾ ಲೂಥರನ್ ಶಾಲೆಯ ಯು.ಕೆ.ಜಿ.ಗೆ ಬಿಟ್ಟುಬರುವುದು, ಮತ್ತೆ ಕರೆತರುವುದು ಅವರ ಪಾಲಿನ ಕೆಲಸ. ಗೇಟಿನಲ್ಲಿ ಮಕ್ಕಳನ್ನು ಒಳಗೆ ಕರೆದುಕೊಳ್ಳಲು ನಿಂತಿರುತ್ತಿದ್ದ ಮಿಸ್ಸಿಗೆ ಒಂದು ತೂಕದ ಮಾತು ಹೇಳದೆ ಅವರು ಮೊಪೆಡ್ ತಿರುಗಿಸುತ್ತಿರಲಿಲ್ಲ. ಹೊಳೆಹೊನ್ನೂರು ಕಡೆಯ ಸಹಕಾರ ಸಂಘವೊಂದಕ್ಕೆ ಅವರು ಎಂದೋ ಒಂದು ಅವಧಿಗೆ ಡೈರೆಕ್ಟರ್ ಆಗಿದ್ದವರು. ಅವಧಿ ಮುಗಿಯಿತು, ಡೈರೆಕ್ಟರಿಕೆ ಮುಗಿಯಲಿಲ್ಲ.

“ಮಕ್ಕಳಿಗೆ ಶಿಸ್ತು ಮುಖ್ಯ, ಮಿಸ್,” ಎನ್ನುತ್ತಿದ್ದರು.

ಮಿಸ್ ತಲೆಯನ್ನು ಕೊಂಚ ವಾಲಿಸಿ, “ಹಾಗಂದ್ರೇನು ಸಾರ್?” ಎನ್ನುತ್ತಿದ್ದರು.

“ಶಿಸ್ತು! ಶಿಸ್ತು ಕಣಮ್ಮಾ! ಸಂಸ್ಕಾರ!”

“ಹಾಗಂದ್ರೆ?”

ಪಾಪ ಎನ್ನಿಸಿ ಹೊನ್ನಯ್ಯನವರು ದಿನೇ ದಿನೇ ದನಿ ಏರಿಸಿದರು. ಶ್ರಾವಣದ ಹೊತ್ತಿಗೆ ಶಿಸ್ತಿನ ಬಗ್ಗೆ ಅವರ ಅಭಿಪ್ರಾಯವೇನೆಂಬುದು ಎದುರಿನ ಎಳನೀರಿನವನಿಗೂ ಬಾಯಿಪಾಠವಾಗಿತ್ತು. ಕಡೆಗೊಂದು ದಿನ ಶಿವಮೊಗ್ಗದಲ್ಲಿ ನಡೆಯಲಿದ್ದ ಉಚಿತ ಕಿವಿ ತಪಾಸಣೆ ಶಿಬಿರದ ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ, ಬೇರೆ ಪೋಷಕರು ನೋಡದ ಹಾಗೆ ಮಿಸ್ಸಿನ ಕೈಗಿಟ್ಟರು. ಮಿಸ್ ಅದನ್ನು ಬಿಡಿಸಿ ಓದಿ, “ಥ್ಯಾಂಕ್ಸ್ ಸಾರ್, ಖಂಡಿತಾ ಹೋಗಿ,” ಎಂದು ವಾಪಸು ಕೊಟ್ಟರು.

ಶಾಲೆ ಬಿಟ್ಟ ಮೇಲೆ ಮನೆಗೆ ಬರುವ ದಾರಿಯಲ್ಲಿ ಸಿರಿ ಹಿಂದಿನಿಂದ ಅಜ್ಜನ ಅಂಗಿ ಜಗ್ಗಿದಳು. “ಅಜ್ಜ, ಮಿಸ್‌ಗೆ ಕಿವಿ ಚೆನ್ನಾಗಿ ಕೇಳ್ಸುತ್ತೆ. ಪೆನ್ಸಿಲ್ ಕಚ್ಚಿದ್ರೂ ಕೇಳ್ಸುತ್ತೆ. ನೀನು ಹೇಳಿದ್ದೇ ಅರ್ಥ ಆಗಿಲ್ಲ.”

ಹೊನ್ನಯ್ಯನವರು ಮೊಪೆಡ್ ನಿಲ್ಲಿಸಿಬಿಟ್ಟರು. ಕಿವುಡಿಯಾಗಿದ್ದರೆ ಕ್ಷಮಿಸಬಹುದಿತ್ತು.

ಸುಗಂಧಿ ಮಿಸ್ಸಿನ ಈ ಚಾಳಿಗೆ ಮೂಲ ಅವರ ತಂದೆ. ಅವರು ಧರ್ಮಪುರಿಯಿಂದ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಬಂದು ಭದ್ರಾವತಿಯಲ್ಲೇ ನಿಂತವರು. ಲೂಥರನ್ ಕ್ರೈಸ್ತರ ಮನೆಗಳಲ್ಲಿ ಹಳೆಯ ಪದ್ಧತಿಯೊಂದಿದೆ: ಪ್ರಾರ್ಥನೆಯನ್ನು ಮಕ್ಕಳು ಬರೀ ಒಪ್ಪಿಸಿದರೆ ಸಾಲದು, ಸಾಲು ಸಾಲಿಗೂ ದೊಡ್ಡವರು ‘ಹಾಗೆಂದರೇನು?’ ಎಂದು ಕೇಳಬೇಕು, ಮಕ್ಕಳು ಅರ್ಥ ಹೇಳಬೇಕು. ಶಿಫ್ಟ್ ಮುಗಿಸಿ ಬಂದ ಅಪ್ಪ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು, “ಅಪ್ಪಡೀನ್ನಾ ಎನ್ನಮ್ಮಾ?” ಎಂದು ತಮಿಳಿನಲ್ಲಿ ಕೇಳುತ್ತಿದ್ದರಂತೆ. ಉತ್ತರ ಹೇಳದೆ ಊಟವಿಲ್ಲ. ಹುಡುಗಿ ಹೊಟ್ಟೆ ಹಸಿದೇ ಅರ್ಥಶಾಸ್ತ್ರ ಕಲಿತಳು. ಮುಂದೆ ಶಾಲೆಯಲ್ಲಿ ಪುಟ್ಟ ಮಕ್ಕಳ ಕ್ಲಾಸು ಕೈಗೆ ಬಂದಾಗ ಅದನ್ನೇ ಅಲ್ಲಿಗೂ ತಂದರು. ಒಂದು ವ್ಯತ್ಯಾಸ ಮಾತ್ರ: ಇಲ್ಲಿ ಕೇಳುವ ಹಕ್ಕು ಮಕ್ಕಳಿಗೂ ಇತ್ತು. ಪ್ರಾರ್ಥನೆಗೂ ಕೇಳಬಹುದು, ಪಾಠಕ್ಕೂ ಕೇಳಬಹುದು, ಮಿಸ್ ಬೈದರೆ ಆ ಬೈಗುಳಕ್ಕೂ ಕೇಳಬಹುದು.

ಹಾಗಂತ ಮಿಸ್ಸೇನು ಸಾಧುಪ್ರಾಣಿಯಲ್ಲ. ತಮ್ಮ ಸೀರೆಯ ಆಯ್ಕೆಯ ಬಗ್ಗೆ ಅವರಿಗೆ ಸಾಕಷ್ಟು ಜಂಬವಿತ್ತು. ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯವನೊಬ್ಬ ಒಮ್ಮೆ, “ಇದು ಫ್ಯಾನ್ಸಿ ಐಟಂ ಮೇಡಂ,” ಎಂದನಂತೆ. “ಫ್ಯಾನ್ಸಿ ಅಂದ್ರೇನು?” “ಲೇಟೆಸ್ಟ್ ಮೇಡಂ.” “ಲೇಟೆಸ್ಟ್ ಅಂದ್ರೆ?” ಅವನು ಬೆವರು ಒರೆಸಿಕೊಂಡು, “ಒಗೆದ್ರೆ ಬಣ್ಣ ಹೋಗುತ್ತೆ ಮೇಡಂ,” ಎಂದು ಒಪ್ಪಿಕೊಂಡನಂತೆ.

ಅಂಗಡಿಯಲ್ಲಿ ಇದು ಸರಿಯೇ. ಮನೆಗೆ ಬಂದಾಗ ಕಷ್ಟ. ಸಿರಿಯ ಪುಣ್ಯದಿಂದ ಹೊನ್ನಯ್ಯನವರ ಮನೆಯಲ್ಲಿ ಯಾವ ಮಾತೂ ನೆಮ್ಮದಿಯಾಗಿ ಕೂರದಂತಾಯಿತು. ಫೋನಿನಲ್ಲಿ ಅವರು, “ಮೀಟಿಂಗಲ್ಲಿದೀನಿ ಮಾರಾಯ,” ಎಂದರೆ ಪಕ್ಕದಿಂದ, “ಮೀಟಿಂಗ್ ಅಂದ್ರೇನಜ್ಜ? ಮಂಡಕ್ಕಿ ತಿನ್ನೋದಾ?” ಅಜ್ಜಿ ಸಾವಿತ್ರಮ್ಮನಿಗೂ ಬಿಡುವಿರಲಿಲ್ಲ. ದೇವರ ಮುಂದೆ ಅವರು ಹೇಳುತ್ತಿದ್ದ ಶ್ಲೋಕಕ್ಕೂ ಅರ್ಥ ಬೇಕೆಂದಳು. ಸಾವಿತ್ರಮ್ಮ ಒಂದು ಕ್ಷಣ ಯೋಚಿಸಿ, “ಇಷ್ಟು ದಿನ ಕಾಪಾಡಿದ್ಯಲ್ಲ, ನಾಳೇನೂ ನೋಡ್ಕೊಳಪ್ಪ ಅಂತ,” ಎಂದರು. ಸಿರಿ ತೃಪ್ತಿಯಿಂದ ಕೈಮುಗಿದಳು. ಅಜ್ಜಿ ಪಾಸಾದರು. ಅಜ್ಜ ಮಾತ್ರ ದಿನಕ್ಕೊಂದು ಬಾರಿ ಫೇಲಾಗುತ್ತಿದ್ದರು.

ಒಂದು ಮಧ್ಯಾಹ್ನ ಸಂಘದ ಹಳೆಯ ಮಿತ್ರರು ಮನೆಗೆ ಬಂದಿದ್ದರು. ಹೊನ್ನಯ್ಯನವರು ಕಾಲ ಮೇಲೆ ಕಾಲು ಹಾಕಿ, “ನನ್ನ ಕಾಲದಲ್ಲಿ ಸಂಘಕ್ಕೊಂದು ದಿಕ್ಕುದೆಸೆ ತೋರಿಸ್ದೆ,” ಎಂದರು. “ಹಾಗಂದ್ರೇನಜ್ಜ?” ಉತ್ತರಕ್ಕಾಗಿ ಎಲ್ಲರೂ ಕಾದರು. ಮಿತ್ರರೂ ಕಾದರು. ಅವರಿಗೂ ಅದು ಎಂದಿನಿಂದಲೋ ಇದ್ದ ಅನುಮಾನ.

ಮರುದಿನವೇ ಹೊನ್ನಯ್ಯನವರು ಶಾಲೆಯ ಕರೆಸ್ಪಾಂಡೆಂಟರ ಎದುರು ಹೋಗಿ ದೂರು ಕೊಟ್ಟರು: ಮಕ್ಕಳು ದೊಡ್ಡವರಿಗೆ ಎದುರು ಮಾತಾಡುತ್ತಿದ್ದಾರೆ.

ಕರೆಸ್ಪಾಂಡೆಂಟ್ ರೂಪೇಶ್ ಶಾಲೆಯ ಆಡಳಿತ ನೋಡಿಕೊಳ್ಳಲು ಚರ್ಚಿನ ಸಭೆಯವರು ಆರಿಸಿದ ಹೊಸಬ, ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಸ್ಕೂಟರ್ ಶೋರೂಂ ನಡೆಸುವವರು. ಆ ರಸ್ತೆಯ ಶಾಲೆಯೊಂದರ ಹಳದಿ ಬಸ್ಸು ಭದ್ರಾವತಿಯವರೆಗೂ ಬಂದು ಮಕ್ಕಳನ್ನು ಹೊತ್ತೊಯ್ಯುತ್ತಿದ್ದುದು ಅವರ ನಿದ್ದೆ ಕೆಡಿಸಿತ್ತು. ದೂರು ಕೇಳಿ ಅವರಿಗೆ ರೋಗದ ಕಾರಣವೇ ಸಿಕ್ಕಂತಾಯಿತು. ಹೊನ್ನಯ್ಯನವರ ಎದುರೇ ಮಿಸ್ಸನ್ನು ಕರೆಸಿದರು.

“ಮಿಸ್, ಸ್ಕೂಲ್ ಡೇಗೆ ಪೇರೆಂಟ್ಸ್ ಎಲ್ಲಾ ಬರ್ತಾರೆ. ಅವತ್ತು ಒಂದೇ ಒಂದು ಮಗು ಬಾಯಿಂದನೂ ಈ ‘ಹಾಗಂದ್ರೇನು’ ಬರಬಾರದು. ಬಂತೋ, ಜೂನ್‌ನಿಂದ ನೀವು ಆಫೀಸಲ್ಲಿ. ಕ್ಲಾಸು ಬೇರೆಯವ್ರಿಗೆ.”

ಮಿಸ್ಸಿನ ಮುಖ ಸಣ್ಣದಾಯಿತು. ಇದನ್ನು ಹೊನ್ನಯ್ಯನವರು ಗಮನಿಸಿದರು. ಅವರು ಕೇಳಿದ್ದು ಮಕ್ಕಳ ಬಾಯಿಗೊಂದು ಬೀಗ ಅಷ್ಟೇ, ಆಕೆಯ ಕ್ಲಾಸನ್ನಲ್ಲ. ಅಷ್ಟರಲ್ಲಿ ರೂಪೇಶ್ ಅವರತ್ತ ತಿರುಗಿ, “ಸಾರ್, ಈ ಸಲ ಚೀಫ್ ಗೆಸ್ಟ್ ತಾವೇ ಆಗಬೇಕು,” ಎಂದುಬಿಟ್ಟರು. ಹೊನ್ನಯ್ಯನವರಿಗೆ ಹೇಳಬೇಕೆಂದಿದ್ದ ಮಾತು ಮರೆತೇ ಹೋಯಿತು.

ಆ ಸಂಜೆ ಸಿರಿ ಶಾಲೆಯ ವರದಿ ಒಪ್ಪಿಸಿದಳು. “ಅಜ್ಜ, ಸ್ಕೂಲ್ ಡೇ ದಿನ ಏನೂ ಕೇಳ್ಬಾರ್ದು ಅಂತ ಮಿಸ್ ಹೇಳಿದ್ರು. ಇಂಪನಾ ‘ಕೇಳ್ಬಾರ್ದು ಅಂದ್ರೇನು ಮಿಸ್’ ಅಂದ್ಲು.”

“ಅದಕ್ಕೆ ನಿಮ್ಮ ಮಿಸ್ ಏನಂದ್ರು?”

“ಗೊತ್ತಾಗದೆ ಇದ್ರೂ ಗೊತ್ತಾದೋರ ತರ ತಲೆ ಆಡಿಸ್ಕೊಂಡು ಕೂತಿರೋದು ಅಂದ್ರು. ನಾವೆಲ್ಲ ಹಾಗೆ ಮಾಡಿ ತೋರಿಸಿದ್ವಿ. ಎಲ್ಲರಿಗೂ ನಗು ಬಂತು. ಮಿಸ್‌ಗೆ ಬರ್ಲಿಲ್ಲ. ಆಮೇಲೆ, ಬಿಡಿ ಮಕ್ಳೇ, ನಾನು ಹೇಳಿದ್ದು ತಪ್ಪು, ಗೊತ್ತಾಗದೆ ಇದ್ರೆ ಕೇಳಿ ಅಂದ್ರು.”

ಅಡುಗೆಮನೆಯಿಂದ ಸಾವಿತ್ರಮ್ಮನ ದನಿ ಬಂತು. “ಕೇಳಿಸ್ತೇನ್ರೀ? ಕ್ಲಾಸು ಹೋದ್ರೂ ಹೋಗ್ಲಿ ಅಂತ ಕೂತಿದಾಳೆ ಆ ಹೆಂಗಸು. ನೀವು ಭಾಷಣ ಬರೀತಿದೀರಿ.”

ಹೊನ್ನಯ್ಯನವರು ಮುಂದಿನ ಹಾಳೆ ತೆಗೆದುಕೊಂಡರು. ಭಾಷಣ ನಿಜಕ್ಕೂ ದೊಡ್ಡದಿತ್ತು.

ಸ್ಕೂಲ್ ಡೇ ದಿನ ಅಂಗಳದ ತುಂಬ ಶಾಮಿಯಾನ. ಪುಟಾಣಿಗಳನ್ನು ಮುಂದೆ ಜಮಖಾನದ ಮೇಲೆ ಕೂರಿಸಿದ್ದರು. ಆಯಾ ಹೂವಮ್ಮ ಪಕ್ಕದಲ್ಲಿ ಕಾವಲು. ರೂಪೇಶ್ ಸ್ವತಃ ತಯಾರು ಮಾಡಿಸಿದ ಇಂಗ್ಲಿಷ್ ಸ್ವಾಗತ ಭಾಷಣವನ್ನು ದುಷ್ಯಂತ್ ಎಂಬ ಹುಡುಗ ಒಂದೇ ಉಸಿರಿನಲ್ಲಿ ಒದರಿ ಮುಗಿಸಿದ. ಭಾರಿ ಚಪ್ಪಾಳೆ. ಅವನು ಇಳಿದು ಬಂದು ಕೂರುತ್ತಲೇ ಪಕ್ಕದವನು, “ಹಾಗಂದ್ರೇನೋ?” ಎಂದ. “ನಂಗೇನ್ಗೊತ್ತು? ರೂಪೇಶ್ ಸಾರ್‌ನ ಕೇಳು.” ಹೂವಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಪುಣ್ಯಕ್ಕೆ ವೇದಿಕೆಗೆ ಅದು ಕೇಳಿಸಲಿಲ್ಲ.

ಹೊನ್ನಯ್ಯನವರು ಎದ್ದರು. ಕೊರಳಲ್ಲಿ ಗಂಧದ ಹಾರ, ತಲೆಯ ಮೇಲೆ ಮೈಸೂರು ಪೇಟ. ಮೈಕನ್ನು ತಟ್ಟಿ ನೋಡಿದರು. ಅವರಿಗೆ ಮೈಕಿನ ಅಗತ್ಯವಿರಲಿಲ್ಲ.

“ಮಗುವಿನ ಸರ್ವತೋಮುಖ ವಿಕಸನವೇ ಈ ವಿದ್ಯಾಸಂಸ್ಥೆಯ ಪರಮ ಧ್ಯೇಯ!”

ಜಮಖಾನದ ಮೇಲೆ ಒಂದು ಪುಟ್ಟ ಕೈ ಮೇಲೆದ್ದಿತು. “ಹಾಗಂದ್ರೇನಜ್ಜ?”

ಸಿರಿ!

ರೂಪೇಶ್ ಕುರ್ಚಿಯಿಂದ ಅರ್ಧ ಎದ್ದರು. ಹೊನ್ನಯ್ಯನವರು ಗೋಡೆಯ ಬದಿಯಲ್ಲಿ ನಿಂತಿದ್ದ ಸುಗಂಧಿ ಮಿಸ್ಸಿನತ್ತ ನೋಡಿದರು. ಆಕೆ ಮಕ್ಕಳತ್ತ ಕಣ್ಣು ಕೆಕ್ಕರಿಸಲಿಲ್ಲ, ತುಟಿಯ ಮೇಲೆ ಬೆರಳಿಡಲಿಲ್ಲ. ಕೈಕಟ್ಟಿ ನಿಂತು ಎಂದಿನಂತೆ ತಲೆಯನ್ನು ಕೊಂಚ ವಾಲಿಸಿದ್ದರು. ಆಕೆಗೂ ಉತ್ತರ ಬೇಕಿತ್ತು.

“ಅಂದ್ರೆ... ಸಮಗ್ರ ಅಭ್ಯುದಯ,” ಎಂದರು ಹೊನ್ನಯ್ಯ.

“ಹಾಗಂದ್ರೇನು?” ಈಗ ಇಡೀ ಜಮಖಾನವೇ ಕೇಳಿತು.

“ಸೈಲೆನ್ಸ್!” ಎಂದರು ರೂಪೇಶ್. ಮಕ್ಕಳು ಮುದುಡಿದರು. ಒಂದೆರಡು ತಲೆಗಳು ಆ ದಿನ ಕ್ಲಾಸಿನಲ್ಲಿ ಮಾಡಿ ತೋರಿಸಿದ ಹಾಗೆಯೇ ಆಡತೊಡಗಿದವು, ಎಲ್ಲಾ ಗೊತ್ತಾದವರ ಹಾಗೆ. ಸಿರಿಯ ತಲೆಯೂ ಆಡುತ್ತಿತ್ತು, ಕಣ್ಣು ಮಾತ್ರ ತುಂಬಿತ್ತು. ಸಂಘದ ಸಭೆಗಳಲ್ಲಿ ತಮ್ಮೆದುರು ವರ್ಷಗಟ್ಟಲೆ ಹೀಗೆಯೇ ಆಡುತ್ತಿದ್ದ ತಲೆಗಳು ಹೊನ್ನಯ್ಯನವರಿಗೆ ನೆನಪಾದವು. ಅದನ್ನವರು ಗೌರವ ಎಂದುಕೊಂಡಿದ್ದರು.

ಅವರು ಭಾಷಣದ ಹಾಳೆ ಮಡಿಸಿ ಜೇಬಿಗಿಟ್ಟರು. “ಸುಮ್ನಿರ್ರೀ ರೂಪೇಶ್. ಮಗು ನನ್ನ ಕೇಳ್ತಿದೆ.” ಆಮೇಲೆ ಜಮಖಾನದ ಕಡೆ ಬಾಗಿದರು. “ನಂಗೂ ಗೊತ್ತಿಲ್ಲ ಮಗಾ. ಹೋದ ವರ್ಷ ಬಂದೋರು ಅಂದಿದ್ರು, ಅದಕ್ಕೆ ನಾನೂ ಅಂದೆ.”

ಶಾಮಿಯಾನ ಹಾರಿಹೋಗುವಂತೆ ಜನ ನಕ್ಕರು. ಇಂಪನಾ ಧೈರ್ಯ ಮಾಡಿ ಎದ್ದಳು. “ಚೀಫ್ ಗೆಸ್ಟ್ ಅಂದ್ರೇನು?”

“ಎಲ್ಲರಿಗಿಂತ ಲೇಟಾಗಿ ಬಂದು, ಎಲ್ಲರಿಗಿಂತ ಮುಂಚೆ ತಿಂಡಿ ತಿನ್ನೋನು ಕಣಮ್ಮ.”

ನಗು ನಿಲ್ಲಲಿಲ್ಲ. ಹೊನ್ನಯ್ಯನವರು ಎಷ್ಟೋ ವೇದಿಕೆ ಹತ್ತಿದವರು, ಆದರೆ ಅಂಥ ನಗು ಅವರಿಗೆ ಯಾವತ್ತೂ ಸಿಕ್ಕಿರಲಿಲ್ಲ. ಪೇಟ ತೆಗೆದು ಮೇಜಿನ ಮೇಲಿಟ್ಟರು. “ಈಗ ನನ್ನ ಸರದಿ. ಊಟಕ್ಕೆ ಮುಂಚೆ ನೀವು ದೇವರ ಹತ್ರ ಅವತ್ತವತ್ತಿನ ಅನ್ನ ಕೊಡಪ್ಪಾ ಅಂತ ಕೇಳ್ತೀರಂತಲ್ಲ. ಹಾಗಂದ್ರೇನು?”

ಉತ್ತರ ನಾಲ್ಕೂ ದಿಕ್ಕಿನಿಂದ ಬಂತು. ಅನ್ನ, ಸಾರು. ಕಿತ್ತುಹೋಗದ ಚಪ್ಪಲಿ. ಸೋರದ ಹೆಂಚು. ಅಪ್ಪ ನೈಟ್ ಶಿಫ್ಟ್ ಮುಗಿಸಿ ಹುಷಾರಾಗಿ ಮನೆಗೆ ಬರೋದು. ಅಮ್ಮನಿಗೆ ತಲೆನೋವು ಬರದೆ ಇರೋದು. ಬಾಲ್ ಕಾಂಪೌಂಡಿನಾಚೆ ಬಿದ್ದರೆ ವಾಪಸು ಕೊಡೋ ಪಕ್ಕದ ಮನೆ ಆಂಟಿ. ಕಚ್ಚದ ಫ್ರೆಂಡು.

“ಅಜ್ಜ ಕಿರುಚದೆ ಇರೋದು,” ಎಂದು ಸಿರಿ ಸೇರಿಸಿದಳು.

ಪೋಷಕರ ಸಾಲಿನಲ್ಲಿ ನಗು ಎದ್ದು, ಅರ್ಧದಲ್ಲೇ ಎಲ್ಲೋ ಮೆತ್ತಗಾಯಿತು. ನೈಟ್ ಶಿಫ್ಟಿನ ಅಪ್ಪ ಮೂಗು ಒರೆಸಿಕೊಳ್ಳುತ್ತಿದ್ದ. ಕಂಕುಳಲ್ಲಿ ಕೂಸನ್ನೆತ್ತಿಕೊಂಡಿದ್ದ ಒಬ್ಬ ತಾಯಿ ಎದ್ದು ನಿಂತು, “ಸಾರ್, ನನ್ನ ಚಿಕ್ಕವನಿಗೂ ಇದೇ ಮಿಸ್ ಬೇಕು. ಈಗಲೇ ಹೇಳಿಟ್ಟಿರ್ತೀನಿ,” ಎಂದರು. “ನಮ್ಮ ಹುಡುಗಿಗೂ!” ಎಂದಿತು ಹಿಂದಿನ ಸಾಲು. ಹಳದಿ ಬಸ್ಸಿಗೆ ಮಗನನ್ನು ಹತ್ತಿಸಲು ಮಾತಾಡಿಕೊಂಡು ಬಂದಿದ್ದವರೊಬ್ಬರು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದರು.

ಹೊನ್ನಯ್ಯನವರು ಮೈಕನ್ನು ಬಾಯಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡರು. “ರೂಪೇಶ್ ಅವರೇ, ಈ ಮಿಸ್ ಮೇಲೆ ದೂರು ಕೊಟ್ಟೋನು ನಾನೇ. ಎಲ್ಲರ ಎದುರು ವಾಪಸು ತಗೋತಿದೀನಿ. ಜೂನ್‌ನಲ್ಲಿ ಇವರು ಈ ಕ್ಲಾಸಲ್ಲೇ ಇರ್ಬೇಕು. ಇಲ್ಲ ಅಂದ್ರೆ ನಾನು ದಿನಾ ಬಂದು ನಿಮ್ಮ ಆಫೀಸಲ್ಲಿ ಭಾಷಣ ಮಾಡ್ತೀನಿ.”

ಚಪ್ಪಾಳೆಯ ತೂಕ ನೋಡಿದ ರೂಪೇಶ್ ಚುರುಕಾಗಿ ಎದ್ದು ಬಂದರು. ಸುಗಂಧಿ ಮಿಸ್ ಅದೇ ಕ್ಲಾಸಿನಲ್ಲೇ ಇರುತ್ತಾರೆ ಎಂದು ಘೋಷಿಸಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಇದು ಮೊದಲಿಂದಲೂ ನಮ್ಮ ಸಂಸ್ಥೆಯ ವಿಶಿಷ್ಟ ಬೋಧನಾ ಪರಿಕಲ್ಪನೆ,” ಎಂದೂ ಸೇರಿಸಿದರು.

“ಹಾಗಂದ್ರೇನು ಸಾರ್?” ಎಂದಿತು ಜಮಖಾನ. ಈ ಸಲ ಹಿಂದಿನ ಸಾಲಿನ ಅಪ್ಪಂದಿರೂ ದನಿಗೂಡಿಸಿದ್ದರು. ರೂಪೇಶ್ ಧನ್ಯವಾದ ಹೇಳಿ ಕೂತರು.

ಕಾರ್ಯಕ್ರಮ ಮುಗಿದ ಮೇಲೆ ತಾಯಂದಿರು ಸುಗಂಧಿ ಮಿಸ್ಸನ್ನು ಮುತ್ತಿಕೊಂಡಿದ್ದರು. ಹೂವಮ್ಮ ಖುಷಿಗೆ ಮಕ್ಕಳಿಗೆಲ್ಲ ಎರಡೆರಡು ಲಾಡು ಹಂಚಿಬಿಟ್ಟಿದ್ದರಿಂದ ಚೀಫ್ ಗೆಸ್ಟಿಗೆ ಬರೀ ಕಾಫಿ ಉಳಿದಿತ್ತು. ಲೋಟ ಹಿಡಿದು ಹೊನ್ನಯ್ಯನವರು ಜನ ಕರಗುವವರೆಗೂ ಕಾದರು. ಮಿಸ್ ಬಂದು ಎದುರು ನಿಂತಾಗ ಎಂದೂ ಇಲ್ಲದ ಮೆಲುದನಿಯಲ್ಲಿ ಕೇಳಿದರು:

“ಅಲ್ಲ ಮಿಸ್, ಮಳೆಗಾಲ ಪೂರ್ತಿ ನಿಮ್ಮ ಮುಖದ ಮುಂದೆ ನಿಂತು ಕಿರುಚಿದ್ನಲ್ಲ. ಕಿವಿ ಕೇಳ್ಸುತ್ತೆ ಅಂತ ಒಂದು ಮಾತು ಹೇಳೋಕ್ಕಾಗ್ತಿರ್ಲಿಲ್ವಾ ನಿಮಗೆ?”

“ನಿಮಗೇ ಕೇಳ್ಸಲ್ಲ ಅಂದ್ಕೊಂಡಿದ್ದೆ ಸಾರ್,” ಎಂದರು ಸುಗಂಧಿ ಮಿಸ್.