ಹುಳು ಮುಟ್ಟುವ ಕೂದಲು

ಕಳೆದ ಭಾನುವಾರ ಮೊಮ್ಮಗಳು ತುಮಕೂರಿನ ಬಸ್ಸಿಳಿದು ಬಂದವಳೇ, ಚಪ್ಪಲಿ ಬಿಡುವ ಮೊದಲೇ, "ಅಜ್ಜಿ, ನಿನ್ನ ಹುಬ್ಬಿನ ಕೂದಲು ಬೇಕು, ಎರಡೇ ಎರಡು," ಎಂದಳು.

ಅವಳು ಅಲ್ಲಿ ಎಂ.ಎಸ್ಸಿ. ಓದುತ್ತಾಳೆ. ಲ್ಯಾಬಿನಲ್ಲಿ ಹುಳು ಸಾಕುತ್ತಾಳೆ. ನುಚ್ಚಕ್ಕಿಗಿಂತ ಸಣ್ಣವು, ಗಾಜಿನ ಹಾಗೆ ಒಳಗೆಲ್ಲ ಕಾಣುವಂಥವು. ಹುಟ್ಟಿ, ಮುದಿಯಾಗಿ, ಸಾಯಲು ಎರಡು ಮೂರು ವಾರ ಸಾಕಂತೆ. ನೀರಿನ ಪಾಚಿಯಿಂದ ತೆಗೆದ ನೀಲಿ ಬಣ್ಣದ ಪ್ರೋಟೀನನ್ನು ಕೆಲವಕ್ಕೆ ತಿನ್ನಿಸಿ, ಅವು ಮಿಕ್ಕವುಗಳಿಗಿಂತ ತಡವಾಗಿ ಮುದಿಯಾಗುತ್ತವೆಯೇ ಎಂದು ನೋಡುವುದು ಅವಳ ಪ್ರಾಜೆಕ್ಟ್. ಸೂಜಿಯಿಂದ ಮುಟ್ಟಿದರೆ ಗಾಯವಾಗುತ್ತದೆಂದು ಕಡ್ಡಿಯ ತುದಿಗೆ ಕೂದಲು ಅಂಟಿಸಿ ಮುಟ್ಟುತ್ತಾರೆ. ಮುಪ್ಪಿನಲ್ಲಿ ತಂತಿಯಂತಾದ ನನ್ನ ಹುಬ್ಬು ಪರ್ಫೆಕ್ಟ್ ಅಂತೆ. ನನಗೆ ಒಳಗೊಳಗೇ ಪ್ರೈಡ್.

"ಮುಟ್ಟಲೇಬೇಕಾ? ನೋಡಿದ್ರೆ ಗೊತ್ತಾಗಲ್ವಾ?" ಎಂದೆ.

"ವಯಸ್ಸಾದ್ದು ಸುಮ್ನೆ ಬಿದ್ಕೊಂಡಿರುತ್ತೆ ಅಜ್ಜಿ, ಸತ್ತಿರಲ್ಲ. ದಿನಾ ಒಂದೊಂದನ್ನೂ ಮುಟ್ಬೇಕು. ಅಲುಗಾಡಿದ್ರೆ ಅಲೈವ್. ದೂರದಿಂದ ನೋಡಿ ಬರ್ಕೊಂಡ್ರೆ ಚೀಟಿಂಗ್."

ನನ್ನ ಕಿವಿ ಬಿಸಿಯಾಯಿತು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಯಜಮಾನರ ಅಕ್ಕ, ನನ್ನ ಅತ್ತಿಗೆ, ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ವೈ.ಎನ್.ಹೊಸಕೋಟೆಗೆ ಕೊಟ್ಟ ಹೆಣ್ಣು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಮಧುಗಿರಿಗೆ ವಾಪಸಾದವರು. ಪುರವರದಿಂದ ಬರುವ ಹೆಂಗಸೊಬ್ಬಳು ಅವರ ಮೈ ತೊಳೆದು, ಬಟ್ಟೆ ಬದಲಿಸಿ, ಉಣ್ಣಿಸುತ್ತಾಳೆ. ನಾನು ಬೆಳಗ್ಗೆ ಕಾಫಿಗೆ ಮೊದಲು ಬಾಗಿಲಲ್ಲಿ ನಿಂತು ಸ್ಟೀಲ್ ಲೋಟದಿಂದ ಚಿಲಕಕ್ಕೆ ಟಣ್ ಟಣ್ ಎಂದು ಬಡಿಯುತ್ತೇನೆ. ಒಳಗಿನಿಂದ ಕೆಮ್ಮು ಬಂದರೆ ಸರಿ, ನನ್ನ ಡ್ಯೂಟಿ ಮುಗಿಯಿತು. ಹೊಸಿಲು ದಾಟುವುದಿಲ್ಲ. ಅವರ ಚರ್ಮ ಹೊಪ್ಪಳೆ ಏಳುತ್ತದೆ, ಕೋಣೆ ನಾರುತ್ತದೆ. ಕೇಳಿದವರಿಗೆ ಇನ್ಫೆಕ್ಷನ್ ಎನ್ನುತ್ತೇನೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಹೈಜೀನ್ ಕಲಿಸಿದ್ದರು. ಅದೇ ಸಿಸ್ಟರುಗಳು ಹುಣ್ಣಾದ ಮುದುಕರ ಕಾಲು ತೊಳೆಯುವುದನ್ನೂ ನೋಡಿದ್ದೆ. ಮೊದಲನೆಯದನ್ನು ಮಾತ್ರ ಕಲಿತೆ.

ಅಷ್ಟರಲ್ಲಿ ಕೋಣೆಯಿಂದ ಅತ್ತಿಗೆಯ ಕೂಗು: "ಏನೇ ಅದು, ಹುಳಾ ಬದುಕ್ಸಾಕೆ ಔಸ್ದಿನಾ? ನಂಗೂ ಒಂಚೂರು ತಂದ್ಕೊಡೇ ಬಂಗಾರು. ನೀಲಿ ಆದ್ರೂ ಆಯ್ತೀನಿ, ಕಿಷ್ಣನಂಗೆ!"

ಮೊಮ್ಮಗಳು ಜೋರಾಗಿ ನಕ್ಕಳು. ನಾನು ಅವಳತ್ತ ಬಾಗಿ, "ನೋ ಮೋರ್ ಎಕ್ಸ್‌ಟೆನ್ಷನ್ ಫಾರ್ ಹರ್, ಪ್ಲೀಸ್," ಎಂದುಬಿಟ್ಟೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತಿಗೆಗೆ ಕೇಳಬಾರದ್ದನ್ನೆಲ್ಲ ನಾನು ಇಂಗ್ಲಿಷಿನಲ್ಲೇ ಹೇಳುತ್ತಾ ಬಂದವಳು. ಮೊಮ್ಮಗಳ ನಗು ನಿಂತಿತು. ಕೋಣೆಯೂ ಸುಮ್ಮನಾಯಿತು. ಸಂಜೆ ಅವಳು ನನ್ನ ಎರಡು ಕೂದಲನ್ನು ಪುಟ್ಟ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಸೋಮವಾರ ಬೆಳಗ್ಗೆ ಚಿಲಕ ಬಡಿದೆ. ಕೆಮ್ಮಿಲ್ಲ. ಮತ್ತೆ ಬಡಿದೆ. ಇಲ್ಲ. ಯಜಮಾನರು ವಾಕಿಂಗಿಗೆ ಹೋಗಿದ್ದರು, ಪುರವರದ ಬಸ್ಸು ಬರಲು ಇನ್ನೂ ಒಂದು ಗಂಟೆ ಇತ್ತು. ಹೊರಗೆ ಬೆಟ್ಟದ ಬಂಡೆಗೆಲ್ಲ ಬಿಸಿಲು ಬಿದ್ದಿದ್ದರೂ ಕೋಣೆಯಲ್ಲಿ ಮಬ್ಬು. ಹೊದಿಕೆ ಏರಿಳಿಯುತ್ತಿದೆಯೋ ಇಲ್ಲವೋ ಅಷ್ಟು ದೂರದಿಂದ ತಿಳಿಯಲಿಲ್ಲ. ಆಗ ನನ್ನಲ್ಲಿ ಮೊದಲು ಎದ್ದದ್ದು ದುಃಖವಲ್ಲ, ರಿಲೀಫ್. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅದೇ ನಿಜ.

ಆಮೇಲೆ ಮೊಮ್ಮಗಳ ಮಾತು ನೆನಪಾಯಿತು. ಸೆರಗು ಮೂಗಿಗೆ ಹಿಡಿದು ಒಳಗೆ ಹೋದೆ. ಹೊದಿಕೆಯಿಂದ ಹೊರಗಿದ್ದ ಪಾದವನ್ನು ಒಂದು ಬೆರಳಿನಿಂದ ಮುಟ್ಟಿದೆ. ಬೆಚ್ಚಗಿತ್ತು.

ಅತ್ತಿಗೆ ಕಣ್ಣು ಬಿಟ್ಟುಕೊಂಡೇ ಇದ್ದರು.

"ಇವೊತ್ತು ಕೆಮ್ಮಬಾರ್ದು ಅಂದ್ಕಂಡಿದ್ದೆ ಕಣಮ್ಮ. ಒಳಿಕ್ ಬತ್ತೀಯೋ ಇಲ್ವೋ ನೋಡಾನ ಅಂತ."

ನಾನು ಬೆರಳನ್ನು ಹಿಂದಕ್ಕೆಳೆದುಕೊಂಡೆ.

"ಬೆಳ್ಳ ತುದೀಲಿ ಮುಟ್ತೀಯಲ್ಲ, ಒಲೆ ಮ್ಯಾಲಿನ್ ತಪ್ಪಲೆನಾ ನಾನು? ನಿನ್ ಇಂಗ್ಲೀಸು ನಂಗ್ ತಿಳಿಯಾಕಿಲ್ಲ. ದನಿ ತಿಳೀತೈತೆ."

ನನ್ನ ಬಾಣಂತನದಲ್ಲಿ ಮೂರು ತಿಂಗಳು ನೀರು ಹಾಕಿದವರು ಅವರೇ. ಹಂಡೆಯ ಹಬೆಯಲ್ಲಿ ಸೀರೆ ಮೊಣಕಾಲಿಗೆ ಕಟ್ಟಿ, ಕಡಲೆಕಾಯಿ ಸುಲಿದು ಒರಟಾದ ಅಂಗೈಯಿಂದ ನನ್ನ ಹೊಟ್ಟೆ, ಬೆನ್ನು, ರಕ್ತ ಅಂಟಿದ ತೊಡೆ ಎಲ್ಲವನ್ನೂ ಉಜ್ಜಿದ್ದರು. ಆಗ ನಾನು ಕಣ್ಣು ಮುಚ್ಚಿಕೊಂಡು ಎಂಬರಾಸ್ ಆಗುತ್ತಿದ್ದೆ. ಅವರಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಿದವಳಲ್ಲ.

"ನಿಂತ್ಕಂಡ್ ಏನ್ ನೋಡ್ತೀಯ? ಕೊಬ್ರಿ ಎಣ್ಣೆ ತಾ. ತಲೆಗೆ ಒಂಚೂರು ತಟ್ಟು. ಆ ಪುರವರದಮ್ಮ ಒಣಗ್ಸಿಬುಟ್ಟವ್ಳೆ."

"ತರ್ತೀನಿ, ತರ್ತೀನಿ," ಎಂದು ಓಡಿದೆ. ಬಚ್ಚಲಿನ ಗೂಡಿನಿಂದ ಎಣ್ಣೆಯ ಬಾಟಲಿ ತೆಗೆದುಕೊಂಡೆ. ಆದರೆ ಹಿಂದಿರುಗುವ ಮೊದಲು, ಏನು ಮಾಡುತ್ತಿದ್ದೇನೆಂದು ತಿಳಿಯುವಷ್ಟರಲ್ಲಿ, ನಲ್ಲಿ ತಿರುಗಿಸಿ ಆ ಒಂದು ಬೆರಳಿಗೆ ಸೋಪು ಹಚ್ಚಿ ಉಜ್ಜುತ್ತಿದ್ದೆ. ನೀರು ಬಕೆಟ್ಟಿಗೆ ಬೀಳುವ ಸದ್ದು ಹಿಂದಿನ ಕೋಣೆಗೆ ಚೆನ್ನಾಗಿ ಕೇಳಿಸುತ್ತದೆ.