ಬಸ್ ಟಿಕೆಟ್ಟಿನ ಹಿಂದೆ ಅತ್ತಿಯ ಅಕ್ಷರ

ಮೈದಾ ಹಿಟ್ಟಿನ ಅಂಟಿಗೆ ಹುಳು ಹಿಡಿಯದಂತೆ ಚಿಟಿಕೆ ಮೈಲುತುತ್ತ ಬೆರೆಸಿ ಕುದಿಸಿದರೆ ಬರುವ ವಾಸನೆ ನಿಮಗೂ ಗೊತ್ತಿರಬಹುದು. ಹುಳಿ ಹಿಡಿದ ಹಿಟ್ಟಿನ ಬೆನ್ನಿಗೆ ನಾಲಗೆಯ ತುದಿಗೆ ತಾಮ್ರ ತಾಕಿದಂಥ ಒಂದು ಕಹಿ. ಹುಮನಾಬಾದಿನ ಬಸ್ ನಿಲ್ದಾಣದ ಹಿಂದೆ ಮಕ್ಬೂಲ್ ಭಾಯಿಯ ರದ್ದಿ ಅಂಗಡಿಯಲ್ಲಿ ಹಳೆಯ ಕಾಮಿಕ್ಸುಗಳ ಗಂಟು ಬಿಚ್ಚುತ್ತಿದ್ದಾಗ ಆ ವಾಸನೆ ಬಂತು. ನೆನಪು ಸಾಕ್ಷಿಯಲ್ಲ, ಅದು ಬೇಕಾದಂತೆ ತಿದ್ದಿಕೊಂಡ ಹೇಳಿಕೆ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಾದಿಸಿ ಬಹುಮಾನ ತಂದವನು ನಾನು. ಹಳೆಯ ಕಾಮಿಕ್ಸು ಕೊಳ್ಳುವುದೂ ಬರೀ ಹವ್ಯಾಸವೆಂದೇ ಹೇಳಿಕೊಂಡು ಬಂದಿದ್ದೆ. ಆದರೆ ಆ ಗಂಟಿನ ನಡುವೆ ಮುಖಪುಟ ಹರಿದ ಒಂದು ಹಿಂದಿ ಪುಸ್ತಕವಿತ್ತು. ತೆರೆದರೆ, ರಾಜ, ರಾಣಿ, ರಾಕ್ಷಸರ ಬಾಯಿಂದ ಹೊರಟ ಮಾತಿನ ಗುಳ್ಳೆಗಳ ಮೇಲೆಲ್ಲ ಮಾಸಿದ ಬಸ್ ಟಿಕೆಟ್ಟುಗಳು, ಬೆನ್ನು ಮೇಲೆ ಮಾಡಿ ಅಂಟಿಸಿದ್ದವು. ಆ ಬೆನ್ನಿನ ಮೇಲೆ ನೀಲಮ್ಮತ್ತಿಯ ದುಂಡನೆಯ ಕನ್ನಡ ಅಕ್ಷರ. ನಾನು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ.

ಬಸವಕಲ್ಯಾಣದಲ್ಲಿ ಕೋಟೆಯ ಕೆಳಗಿನ ಓಣಿಯಲ್ಲಿ ನಮ್ಮ ಮನೆಯಿತ್ತು. ಕರಿಕಲ್ಲಿನ ಗೋಡೆ, ಗಚ್ಚಿನ ಮಾಳಿಗೆ, ಹಗಲೂ ದೀಪ ಬೇಡುವ ಒಳಕೋಣೆ. ನೀಲಮ್ಮತ್ತಿ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ರಾಜೇಶ್ವರದಿಂದ ತವರಿಗೆ ಬಂದವಳು ಆ ಒಳಕೋಣೆಯಲ್ಲೇ ಉಳಿದಳು. ಅಪ್ಪ ಬಸ್ ಕಂಡಕ್ಟರ್. ಪ್ರಯಾಣಿಕರು ಸೀಟಿನ ಕೆಳಗೆ ಮರೆತುಹೋದ ಕಾಮಿಕ್ಸುಗಳೂ ಅವರು ಬಿಸಾಕಿದ ಟಿಕೆಟ್ಟುಗಳೂ ಅವನ ಚೀಲದಲ್ಲಿ ಮನೆಗೆ ಬರುತ್ತಿದ್ದವು. ಪುಸ್ತಕವೆಲ್ಲ ಹಿಂದಿ, ನನಗೆ ಬರುತ್ತಿದ್ದುದು ಕನ್ನಡ ಮಾತ್ರ. ಅತ್ತಿ ಗಡಿಯಾಚೆಯ ಮರಾಠಿ ಶಾಲೆಯಲ್ಲಿ ಒಂದಿಷ್ಟು ಕಲಿತವಳು, ಹಿಂದಿ ಅಕ್ಷರ ಕೂಡಿಸಿ ಓದುತ್ತಿದ್ದಳು. ಟಿಕೆಟ್ಟಿನ ಬೆನ್ನಿಗೆ ಕನ್ನಡದಲ್ಲಿ ಬರೆದು, ಗುಳ್ಳೆಯ ಅಳತೆಗೆ ಕತ್ತರಿಸಿ, ಬಿಸಿ ಅಂಟು ಸವರಿ ಒತ್ತುತ್ತಿದ್ದಳು. ಅವಳ ಕನ್ನಡದಲ್ಲಿ ರಾಕ್ಷಸರು ಕೂಡ ರಾಜನಿಗೆ 'ಬರ್ರಿ, ಕೂಡ್ರಿ, ಚಾ ಕುಡೀರಿ, ಆಮ್ಯಾಲ ನಿಮ್ಮನ್ನ ತಿಂತೀನಿ' ಎನ್ನುತ್ತಿದ್ದರು. ಅಪ್ಪ ಟಿಕೆಟ್ಟಿಗೆ ಹೊಡೆದ ತೂತಿನೊಳಗಿಂದ ಒಂದೊಂದು ಹಿಂದಿ ಅಕ್ಷರ ಕಣ್ಣಿನಂತೆ ಇಣುಕುತ್ತಿತ್ತು.

ನಾನಿನ್ನೂ ಸಣ್ಣ ಶಾಲೆಯಲ್ಲಿದ್ದ ವರ್ಷ ಅವ್ವ ಹೆರಿಗೆಗೆಂದು ಹೋದವಳು ತಿರುಗಿ ಬರಲಿಲ್ಲ. ನನ್ನನ್ನು ಮಣ್ಣಿಗೆ ಕರೆದೊಯ್ಯಲಿಲ್ಲ. ಕೊಹಿನೂರ ಹಳ್ಳಿಯ ಮಾವನ ಮನೆಗೆ ಕಳಿಸಿ, ಎಲ್ಲ ಮುಗಿದ ಮೇಲೆ ಕರೆತಂದರು. ಅವ್ವ ದವಾಖಾನೆಯಲ್ಲಿದ್ದಾಳೆ ಎಂದರು. ಅಪ್ಪ ಆ ಮಾತನ್ನೂ ಹೇಳಲಿಲ್ಲ, ಡ್ಯೂಟಿಯ ಮೇಲೆ ಡ್ಯೂಟಿ ಹಾಕಿಸಿಕೊಂಡು ಮನೆಯಿಂದ ದೂರ ಉಳಿದ. ಅದೇ ದಿನಗಳಲ್ಲಿ ಈ ಪುಸ್ತಕ ಬಂತು. ಇದರಲ್ಲಿ ಒಬ್ಬ ರಾಣಿ ಸಾಯುತ್ತಾಳೆ. ಕಟ್ಟಿಗೆಯ ಮೇಲೆ ಮಲಗಿದ ರಾಣಿ, ಎದ್ದ ಬೆಂಕಿ, ಪಕ್ಕದಲ್ಲಿ ಬಾಯಿ ತೆರೆದು ಅಳುವ ಅವಳ ಮಗ. ನಮ್ಮ ಜನ ಸತ್ತವರನ್ನು ಕೂರಿಸಿ, ಹೂ ಏರಿಸಿ, ಕೂತಂತೆಯೇ ಮಣ್ಣಿಗಿಡುವವರು. ಓಣಿಯ ಮುದುಕರೆಲ್ಲ ಕೂತುಕೊಂಡೇ ಹೋದದ್ದನ್ನು ನೋಡಿದ್ದ ನನಗೆ ಮಲಗಿದವರ ಸುತ್ತ ಬೆಂಕಿ ಎಂದರೆ ಸಾವು ಎಂದು ಹೊಳೆಯುವುದು ಸಾಧ್ಯವಿರಲಿಲ್ಲ. ನೀಲಮ್ಮತ್ತಿಗೆ ಅದು ಗೊತ್ತಿತ್ತು. ಆ ಗುಳ್ಳೆಯ ಮೇಲೆ ಅವಳು ಬರೆದಳು: 'ಥಂಡಿ ಭಾಳ ಅದ. ನಾ ಮೈ ಕಾಸಿಕೊಂಡು ಬರ್ತೀನಿ. ನೀ ಉಂಡು ಮಲ್ಕೋ.'

ನಾನು ಆಗಲೇ ವಾದ ಬಿಡದ ಹುಡುಗ. "ಗುಳ್ಳಿ ಬಾಲ ಹುಡುಗನ ಬಾಯಿ ಕಡೆ ಅದ ಅತ್ತಿ. ಮಾತು ಅವ್ವಂದು ಹ್ಯಾಂಗ?"

"ಅವ್ವ ಹೇಳಿದ್ದನ್ನ ಅಂವ ಹೇಳಾಕತ್ತಾನ."

"ಮತ್ತ ಅಳಾಕತ್ತಾನ ಯಾಕ?"

"ಹೊಗಿ ಬಡದದ. ಹಾಳಿ ತಿರುವು, ವಕೀಲ್ ಸಾಬ."

ತಿರುವಿದೆ. ಆಮೇಲಿನ ದಿನಗಳಲ್ಲಿ ಮತ್ತೆ ಮತ್ತೆ ಅದೇ ಪುಟಕ್ಕೆ ಬಂದೆ. ದವಾಖಾನೆಯಲ್ಲೂ ಥಂಡಿ ಇರುತ್ತದೆ ಎಂದುಕೊಂಡು ಉಂಡು ಮಲಗಿದೆ. ದೊಡ್ಡ ಶಾಲೆಗೆ ಹೋದ ಮೇಲೆ ಗೆಳೆಯನ ಅಜ್ಜನಿಗೆ ಬೆಂಕಿ ಕೊಡುವುದನ್ನು ಕಂಡು ಮನೆಗೆ ಓಡಿಬಂದು, "ನೀ ಸುಳ್ಳ ಬರದಿ" ಎಂದು ಅವಳೆದುರು ನಿಂತೆ. ಅತ್ತಿ ಹಿಟ್ಟು ನಾದುವ ಕೈ ನಿಲ್ಲಿಸದೆ ಹೇಳಿದಳು: "ಸುಳ್ಳಲ್ಲೋ. ತಡ ಮಾಡೀನಿ ಅಷ್ಟ." ಈಗ ಅತ್ತಿಯಿಲ್ಲ. ಕೊನೆಗೆ ಅವಳ ಹೊಟ್ಟೆ ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ, ಕೈ ಗುರುತು ಸಿಗದಷ್ಟು ಸಣ್ಣಗಾಗಿತ್ತು. ಗೋಡೆ ಬಿರುಕು ಬಿಟ್ಟ ಮನೆಯನ್ನು ಕೊಂಡವರು ಕೆಡವಿದರು. ಅವಳ ಕೋಣೆಯಿದ್ದಲ್ಲಿ ಈಗ ಮೋಟರ್ ಸೈಕಲ್ ತೊಳೆಯುತ್ತಾರೆ. ಪುಸ್ತಕಗಳನ್ನೆಲ್ಲ ಅಪ್ಪ ರದ್ದಿಗೆ ಹಾಕಿದ್ದ. ಉಳಿದದ್ದು ಇದೊಂದು.

ಮಕ್ಬೂಲ್ ಭಾಯಿ ಪುಸ್ತಕ ತಿರುವಿ ನೋಡಿದ. "ಇಂಥದು ಈಗ ಸಿಗೂದಿಲ್ಲ ಸರ್. ಗ್ರೇಡಿಂಗಿಗೆ ಕಳಸ್ರಿ. ಹತ್ತರಾಗ ಇಷ್ಟು ಅಂತ ನಂಬರ್ ಕೊಟ್ಟು, ಪ್ಲಾಸ್ಟಿಕ್ ಡಬ್ಬ್ಯಾಗ ಸೀಲ್ ಮಾಡ್ತಾರ. ಆದ್ರ ಈ ಚೀಟಿ ನಡ್ಯೂದಿಲ್ಲ. ಬಿಸಿನೀರಿನ ಭಾಪ್ ಹಿಡದ್ರ ತಾವಾಗೇ ಬಿಡ್ತಾವ."

"ಚೀಟಿ ಹಂಗ ಇಟ್ಟು ಕಳಿಸಿದ್ರ?"

"ನಂಬರ್ ಪಾತಾಳಕ್ಕ. ಆದ್ರೂ ಕಳಸ್ರಿ. ಡಬ್ಬ್ಯಾಗ ಹುಳ ಇಲ್ಲ, ಗಾಳಿ ಇಲ್ಲ. ನಿಮ್ಮ ಮೊಮ್ಮಕ್ಕಳು ನೋಡ್ತಾರ."

"ಏನ್ ನೋಡ್ತಾರ?"

"ಮುಖಪುಟ," ಎಂದವನೇ ತಾನೇ ನಕ್ಕ. "ಅದೂ ಹರದದ ಬಿಡ್ರಿ."

ಆ ರಾತ್ರಿಯಿಂದ ನನ್ನೊಳಗೆ ಎರಡೂ ಪಕ್ಷಕ್ಕೆ ನಾನೇ ವಾದಿಸಿದೆ. ಹತ್ತಕ್ಕೆ ಹತ್ತು ಬರುವುದು ಯಾರೂ ಓದದ ಪುಸ್ತಕಕ್ಕೆ. ಹಾಗಾದರೆ ಅವರು ಅಳೆಯುವುದು ಏನನ್ನು, ಮಗುವಿನ ಕೈ ತಾಕಲಿಲ್ಲ ಎಂಬುದನ್ನೇ? ಇದು ನನ್ನ ಮೆಚ್ಚಿನ ವಾದ, ಕೇಳುವುದಕ್ಕೂ ಚೆನ್ನ. ಎದುರುಪಕ್ಷ ಅದಕ್ಕಿಂತ ಗಟ್ಟಿ: ಅತ್ತಿಯ ಮೈದಾ ಅಂಟೇ ಹುಳುಗಳಿಗೆ ಊಟ, ಮೈಲುತುತ್ತದ ಹೆದರಿಕೆ ಅವಕ್ಕೆ ಉಳಿದಿಲ್ಲ. ತೆರೆದಾಗಲೆಲ್ಲ ಹಾಳೆ ಅಂಚಿನಲ್ಲಿ ಪುಡಿಯಾಗುತ್ತದೆ. ಸೀಲ್ ಮಾಡಿದರೆ ಅವಳ ಅಕ್ಷರ ಉಳಿಯುತ್ತದೆ, ಯಾರಿಗೂ ಕಾಣದೆ. ಮಾಡದಿದ್ದರೆ ಕಾಣುತ್ತದೆ, ಆದರೆ ಉಳಿಯುವುದಿಲ್ಲ. ಚೀಟಿ ಇದ್ದಂತೆಯೇ ಕಳಿಸುವುದೆಂದು ತೀರ್ಮಾನಿಸಿದೆ. ಕೆಳಗಿನ ನಂಬರ್ ಬಂದರೆ ಬರಲಿ. ಪುಸ್ತಕವನ್ನು ರಟ್ಟಿನ ನಡುವೆ ಇಟ್ಟು ಕಟ್ಟುತ್ತಿದ್ದೆ.

ಅಪ್ಪ ಈಗ ಹುಮನಾಬಾದಿನಲ್ಲಿ ನನ್ನ ಜೊತೆಗೇ ಇದ್ದಾನೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ಅವನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಬಂದು ಪಕ್ಕದಲ್ಲಿ ಕೂತು, ಹೊರಗೆ ಇಣುಕುತ್ತಿದ್ದ ಟಿಕೆಟ್ಟಿನ ತೂತನ್ನು ಬೆರಳಿನಿಂದ ಸವರಿದ. "ನಾ ಹೊಡದ ತೂತು," ಎಂದ. "ಅಕ್ಕ ಇದರ ಮ್ಯಾಗ ಏನ್ ಬರೀತಿದ್ಲು? ನಾ ಒಮ್ಮಿನೂ ಓದಿಲ್ಲ."

ನಾನು ಕಟ್ಟು ಬಿಚ್ಚಿ ಓದತೊಡಗಿದೆ. ರಾಕ್ಷಸನ ಚಹಾದ ಮಾತಿಗೆ ಅವನು ನಕ್ಕ. ಆಮೇಲೆ ಬೆಂಕಿಯ ಪುಟ ಬಂತು. ಚಿತ್ರ ಅವನಿಗೆ ಮಸುಕಾಗಿ ಕಂಡಿರಬೇಕು, ಹತ್ತಿರ ಬಾಗಿ ನೋಡಿದ. ಆ ವರ್ಷ ಬಂದ ಪುಸ್ತಕ ಇದು, ಅವ್ವ ಎಲ್ಲಿ ಎಂದು ನಾನು ಕೇಳಿದಾಗಲೆಲ್ಲ ಅತ್ತಿ ಇದೇ ಪುಟ ತೆಗೆದು ಕೊಡುತ್ತಿದ್ದಳು ಎಂದು ಹೇಳಿದೆ. ಆಗ ಓದಿದೆ: ಥಂಡಿ ಭಾಳ ಅದ. ನಾ ಮೈ ಕಾಸಿಕೊಂಡು ಬರ್ತೀನಿ. ನೀ ಉಂಡು ಮಲ್ಕೋ.

ಹಾಳೆಯ ಅಂಚು ನನ್ನ ಮಡಿಲಿಗೆ ಉದುರಿತು. ಚೀಟಿ ಒಂದು ಬದಿಯಿಂದ ಎದ್ದು ನಿಂತಿತು. ಮುಚ್ಚಿಬಿಡೋಣ ಎಂದು ಕೈ ಹೋಯಿತು.

"ಇನ್ನೊಮ್ಮಿ ಓದು," ಎಂದ ಅಪ್ಪ.

ಓದಿದೆ.