ಬಸೂನಿಗೆ ಬಿಡುವಿಲ್ಲದ ಸಿಂಫನಿ

ಎಸ್ಕಿಲ್ ಹಾಗೆಲಿನ್ ವೆಸ್ಟರ್ವಿಕ್ ಬಂದರಿನ ದೋಣಿ ಬಡಗಿಯ ಮಗ. ಹನ್ನೊಂದು ವರ್ಷ ರಾಜಧಾನಿಯ ವಾದ್ಯವೃಂದವೊಂದರ ಹಿಂದಿನ ಸಾಲಿನಲ್ಲಿ ಕೂತು ಪಿಟೀಲು ನುಡಿಸಿದ. ಬೇರೆಯವರ ಸಿಂಫನಿಗಳನ್ನು ನುಡಿಸಿ ನುಡಿಸಿ ತಾನೂ ಒಂದು ಬರೆದ. ಅಲ್ಲಿ ಯಾರೂ ಅದನ್ನು ತೆರೆದು ನೋಡಲಿಲ್ಲ. ಊರಿಗೆ ಮರಳಿ, ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸ ಹಿಡಿದು, ಹವ್ಯಾಸಿಗಳನ್ನು ಕಲೆಹಾಕಿ ತನ್ನದೇ ವಾದ್ಯವೃಂದ ಕಟ್ಟಿ ನಡೆಸತೊಡಗಿದ. 1794ರಲ್ಲಿ ಅವನಿಗೆ ನಲವತ್ತಾರು. ನವೆಂಬರಿನ ಕಡೆಯ ಶನಿವಾರ ಪುರಭವನದಲ್ಲಿ ಸಂಗೀತ ಕಚೇರಿ ನಿಗದಿಯಾಗಿತ್ತು. ಅಷ್ಟು ವರ್ಷ ತಲೆಯೊಳಗೆ ಮಾತ್ರ ಕೇಳಿಸುತ್ತಿದ್ದ ಸಿಂಫನಿಯನ್ನು ಒಮ್ಮೆ ಕಿವಿಯಾರೆ ಕೇಳಬೇಕೆಂಬುದೊಂದೇ ಅವನ ಆಸೆ.

ಅದಕ್ಕೆ ಹದಿನೇಳು ಜನ ಬೇಕಿತ್ತು. ಹದಿನೇಳು ಜನ ಇದ್ದರು. ಪ್ರತಿ ಭಾನುವಾರ ಮಧ್ಯಾಹ್ನ ಅವರೆಲ್ಲ ತನ್ನ ಮನೆಗೆ ತಾಲೀಮಿಗೆ ಬರುವುದು ಸಂಗೀತದ ಮೇಲಿನ ಪ್ರೀತಿಯಿಂದ ಎಂದೇ ಎಸ್ಕಿಲ್ ನಂಬಿದ್ದ. ಆಗಸ್ಟಿನಲ್ಲಿ ಅರಮನೆ ಕಾಫಿಯನ್ನು ದೇಶದಾದ್ಯಂತ ನಿಷೇಧಿಸಿತು. ಅದಾದ ಮೇಲಿನ ಭಾನುವಾರ ಅವನ ಹೆಂಡತಿ ಲೊವೀಸ ಎಲ್ಲರಿಗೂ ಕಾಫಿಯ ಬದಲು ಬಿಸಿ ಬಿಯರು ಕೊಟ್ಟಳು. ಮುಂದಿನ ಭಾನುವಾರ ಬಂದವರು ಐವರು.

"ಸಂಗೀತಪ್ರೇಮ ಅಂತಿದ್ರಲ್ಲ, ನೋಡಿ," ಎಂದಳು ಲೊವೀಸ. "ಆ ಪ್ರೇಮ ಇಷ್ಟು ದಿನ ಕುದೀತಿದ್ದದ್ದು ನನ್ನ ಒಲೆ ಮೇಲೆ ಕಣ್ರೀ."

ಕಾಫಿಬೀಜವೇನೋ ಅವಳ ಹಿಟ್ಟಿನ ಪೀಪಾಯಿಯ ತಳದಲ್ಲಿತ್ತು. ಊರಲ್ಲಿ ಯಾರ ಮನೆಯಲ್ಲಿರಲಿಲ್ಲ? ತೊಡಕು ಬೇರೆಯೇ. ಬಸೂನ್ ಎಂಬ ಆಳುದ್ದದ ಊದುವಾದ್ಯವನ್ನು ನುಡಿಸಬಲ್ಲವನು ಊರಿಗೆಲ್ಲ ಒಬ್ಬನೇ, ಲಿಂಡರೂತ್. ಮನೆಮನೆ ಹೊಕ್ಕು ಕಾಫಿ ಹಿಡಿದು ದಂಡ ಹಾಕಿಸುವ ಅಧಿಕಾರಿಯೂ ಅವನೇ. ಅವನಿಲ್ಲದೆ ಸಿಂಫನಿಯಿಲ್ಲ, ಅವನ ಕಣ್ಣೆದುರು ಕಾಫಿಯಿಲ್ಲ, ಕಾಫಿಯಿಲ್ಲದೆ ಉಳಿದವರಿಲ್ಲ.

ಉಪಾಯ ಸ್ವರಲಿಪಿಯಲ್ಲೇ ಸಿಕ್ಕಿತು. ನಿಧಾನಗತಿಯ ಎರಡನೇ ಭಾಗದಲ್ಲಿ ಕೊಂಬು ಊದುವವರು ನಲವತ್ತು ಆವರ್ತ ಸುಮ್ಮನೆ ಕೂರಬೇಕಿತ್ತು. ಎಸ್ಕಿಲ್ ಆ ಭಾಗವನ್ನು ಪೂರ್ತಿ ತಿದ್ದಿದ. ಸರದಿಯಂತೆ ಎಲ್ಲರಿಗೂ ಉದ್ದನೆಯ ಬಿಡುವು. ಬಸೂನಿಗೆ ಮಾತ್ರ ಉಸಿರಾಡಲೂ ಪುರಸೊತ್ತಿಲ್ಲ. ಬಿಡುವು ಸಿಕ್ಕವರು ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋಗಿ, ಒಂದು ಬಟ್ಟಲು ಕುಡಿದು, ಆವರ್ತ ಎಣಿಸುತ್ತಲೇ ಬಂದು ಕೂರಬೇಕು. ವಾಸನೆ ಮುಚ್ಚಲು ಲೊವೀಸ ಪಕ್ಕದಲ್ಲೇ ಹೆರಿಂಗ್ ಮೀನು ಹುರಿದಳು. ಎಣಿಕೆ ತಪ್ಪಿದವರಿಗೆ ಮುಂದಿನ ವಾರ ಬಟ್ಟಲಿಲ್ಲ ಎಂದೂ ಹೇಳಿಟ್ಟಳು.

ಮೂರು ವಾರದಲ್ಲಿ ಹದಿನೇಳೂ ಜನ ಹಾಜರಾದರು. ಸರಿಯಾದ ಜಾಗದಲ್ಲಿ ಎಂದೂ ದನಿ ಹಿಡಿಯದ ಕೊಂಬಿನ ಡಾಲ್‌ಗ್ರೇನ್, ಮೀನಿನ ವ್ಯಾಪಾರಿ, ಈಗ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

"ಆರು ವರ್ಷ ನೀವು ಬಡ್ಕೊಂಡ್ರಿ ಮೇಷ್ಟ್ರೇ, ತಲೆಗೆ ಹತ್ತಲಿಲ್ಲ," ಎಂದ ಅವನು. "ಅಮ್ಮಾವ್ರು ಮೂರೇ ಭಾನುವಾರದಲ್ಲಿ ಕಲಿಸಿಬಿಟ್ರು."

ಕಚೇರಿಗೆ ವಾರವಿರುವಾಗ, ಎರಡನೇ ಭಾಗದ ನಟ್ಟನಡುವೆ ಲಿಂಡರೂತ್ ಬಸೂನನ್ನು ತೊಡೆಯ ಮೇಲೆ ಅಡ್ಡ ಇಟ್ಟ. ಮುಖ ಬೀಟ್‌ರೂಟಿನಂತಾಗಿತ್ತು. ಪಿಟೀಲುಗಳು ಒಂದೊಂದಾಗಿ ನಿಂತವು. ಅಡುಗೆಮನೆಯಿಂದ ಬಟ್ಟಲು ಇಟ್ಟ ಸದ್ದು ಚೆನ್ನಾಗಿಯೇ ಕೇಳಿಸಿತು.

"ಮೇಷ್ಟ್ರೇ, ನಾನಿನ್ನು ನುಡಿಸಲ್ಲ."

ಎಸ್ಕಿಲ್ ಅವನ ಬಳಿಗೆ ಬಂದ. "ಯಾಕೆ ಸಾಹೇಬ್ರೇ?"

"ಯಾಕಾ? ಎಂಟು ವಾರದಿಂದ ನೋಡ್ತಿದ್ದೀನಿ. ಕೊಂಬಿನೋನು ಎದ್ದು ಹೋಗ್ತಾನೆ, ಮೀಸೆ ಒರೆಸ್ಕೊಂಡು ಬರ್ತಾನೆ. ಪಿಟೀಲು ನುಡಿಸೋ ಪಾದ್ರಿಗಳೂ ಹೋಗ್ತಾರೆ, ಬರ್ತಾರೆ. ನಂಗೊಬ್ಬನಿಗೇ ಬಿಡುವಿಲ್ಲ. ನಾನೇನು ಮನುಷ್ಯನೋ, ಕಮ್ಮಾರನ ತಿದಿಯೋ?"

"ಅಂದ್ರೆ... ನಿಮಗೆ ಗೊತ್ತಿತ್ತಾ?"

"ಜಪ್ತಿ ಮಾಡಿದ ಮೂಟೆಗಳ ಪಕ್ಕದಲ್ಲೇ ದಿನಾ ಕೂರೋನು ನಾನು. ಮೀನು ಹುರಿದ್ರೆ ಮುಚ್ಚಿಹೋಗೋ ವಾಸನೇನಾ ಅದು?" ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದ ಲೊವೀಸಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಆಫೀಸಲ್ಲಿ ನಾನು ಮುಟ್ಟೋ ಹಾಗಿಲ್ಲ. ಇಲ್ಲಾದ್ರೂ ನಂಗೊಂದು ಬಿಡುವು ಬರೀರಿ. ಉದ್ದ ಇರ್ಲಿ, ನಾನು ನಿಧಾನ ಕುಡಿಯೋನು."

ಎಸ್ಕಿಲ್ ಅಲ್ಲೇ ಲೇಖನಿ ತೆಗೆದು ಬಸೂನಿನ ಇಪ್ಪತ್ತೆಂಟು ಆವರ್ತಗಳಿಗೆ ಅಡ್ಡಗೆರೆ ಎಳೆದ. ಆ ಭಾಗವನ್ನು ಮತ್ತೆ ಮೊದಲಿಂದ ನುಡಿಸಿದರು; ಬಿಡುವು ಬಂದಾಗ ಲಿಂಡರೂತ್ ಎದ್ದು ಅಡುಗೆಮನೆಗೆ ಹೋದ. ಅವನಿಲ್ಲದ ಆ ಜಾಗದಲ್ಲಿ ಪಿಟೀಲುಗಳ ರಾಗವೊಂದೇ ಉಳಿಯಿತು. ಕಾಫಿಗಾಗಿ ತಾನೇ ತುಂಬಿದ ಗದ್ದಲದಡಿ ಆ ರಾಗ ಹೂತುಹೋಗಿದ್ದದ್ದು ಎಸ್ಕಿಲ್‌ಗೆ ಆಗ ತಿಳಿಯಿತು.

ಶನಿವಾರ ಪುರಭವನ ಕಿಕ್ಕಿರಿದಿತ್ತು. ತಾಲೀಮಿನ ಅಭ್ಯಾಸಬಲದಿಂದ, ಬಿಡುವು ಬಂದವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಅಲ್ಲಿ ಅಡುಗೆಮನೆಯಿರಲಿಲ್ಲ. ಬಾಗಿಲವರೆಗೆ ಹೋಗಿ, ಪೆಚ್ಚಾಗಿ ನಿಂತು, ಎಣಿಸುತ್ತ ಮರಳಿದರು. ಲಿಂಡರೂತ್ ಎದ್ದಾಗ ಮಾತ್ರ ಎಸ್ಕಿಲ್ ಯಾರನ್ನೂ ನೋಡಲಿಲ್ಲ. ಇಪ್ಪತ್ತೆಂಟು ಆವರ್ತ ಕಣ್ಣು ಮುಚ್ಚಿ ಕೇಳಿದ. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಎದ್ದು ಓಡಾಡುವುದನ್ನು ಊರಿನವರು ರಾಜಧಾನಿಯ ಹೊಸ ಪದ್ಧತಿ ಎಂದುಕೊಂಡರು. ವಸಂತದಲ್ಲಿ ಸ್ವರಲಿಪಿಯನ್ನು ಎರವಲು ಪಡೆದ ಪಕ್ಕದ ಊರಿನ ವೃಂದದವರು ಕಾಗದ ಬರೆದು ಕೇಳಿದರು: ಕೊಂಬಿನವರು ಯಾವ ಆವರ್ತದಲ್ಲಿ ಏಳಬೇಕು, ಎದ್ದು ಎಲ್ಲಿಗೆ ಹೋಗಬೇಕು?